ನಮ್ಮ ಮನೆಯವರು ಚಿತ್ರಕಾರನಾಗಿ ಸತ್ತದ್ದು

ನಮ್ಮ ಮನೆಯವರ ಮೂಗಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಡೆದದ್ದಕ್ಕೆ ತಲೆಬುಡ ಇರುವುದಿಲ್ಲ. ಅದು ದೊಡ್ಡ ಮೂಗು. ಹೆಣ್ಣು ನೋಡಲು ಬಂದ ದಿನ ಅಡುಗೆಮನೆ ಬಾಗಿಲ ಸಂದಿಯಿಂದ ನನಗೆ ಕಂಡದ್ದು ಮೊದಲು ಮೂಗು, ಆಮೇಲೆ ಸ್ವಲ್ಪ ಹೊತ್ತಿಗೆ ಮನುಷ್ಯ. ನಮ್ಮಪ್ಪ ಬೇಡವೆಂದರು. ಹುಟ್ಟುವ ಮಕ್ಕಳ ಗತಿ ಏನು ಎಂದು ಅವರ ಚಿಂತೆ. ನಾನು ಹಟ ಹಿಡಿದು ಅದೇ ಮೂಗನ್ನು ಕಟ್ಟಿಕೊಂಡೆ. ಮಕ್ಕಳಾಗಲಿಲ್ಲ, ಆದ್ದರಿಂದ ನಮ್ಮಪ್ಪನ ಚಿಂತೆ ಅವರ ಜೊತೆಯೇ ಹೋಯಿತು.

ನಾವು ಗೂಡಲೂರಿನವರು. ಇಲ್ಲಿಂದ ಮುಂದೆ ಕುಮಳಿಯ ಘಟ್ಟ, ಘಟ್ಟ ಹತ್ತಿದರೆ ಕೇರಳ. ನಮ್ಮವರು ಕನ್ನಡ ನಾಡು ಬಿಟ್ಟು ಈ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ, ಲೆಕ್ಕ ಇಟ್ಟವರಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕೋಪ ಬಂದರೆ ಎರಡೂ. ಕನ್ನಡ ಅಕ್ಷರ ನಾನು ಕಲಿತದ್ದು ಇವರು ಮೈಸೂರಿನಲ್ಲಿ ದ್ರಾಕ್ಷಿ ಮಂಡಿ ಇಟ್ಟಿದ್ದ ವರ್ಷಗಳಲ್ಲಿ, ಬಸ್ಸಿನ ಬೋರ್ಡು ಮತ್ತು ವಾರಪತ್ರಿಕೆ ಓದಿ ಓದಿ. ಅಲ್ಲಿಯ ಹೆಂಗಸರು ನನ್ನ ಮಾತು ಕೇಳಿ ನೀವು ಯಾವ ಕಡೆಯವರು ಎಂದು ನಗುತ್ತಿದ್ದರು. ನಿಮಗಿಂತ ಹಳೇ ಕನ್ನಡದವಳು ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಈಗ ಮಂಡಿ ಮುಚ್ಚಿ ಊರಿಗೇ ಬಂದು, ಇದ್ದ ದ್ರಾಕ್ಷಿ ಚಪ್ಪರವನ್ನು ನೋಡಿಕೊಂಡಿದ್ದೇವೆ.

ಇನ್ನು ನನ್ನ ವಿಷಯ. ಸಾವಿನ ಮನೆಯಲ್ಲಿ ಹೆಂಗಸರು ಸತ್ತವರ ತಲೆದೆಸೆಗೆ ಕೂತು, ಅವರ ಬಾಳನ್ನೆಲ್ಲ ಎತ್ತಿ ಎತ್ತಿ ಹಾಡಿಕೊಂಡು ಅಳುವ ಪದ್ಧತಿ ನಮ್ಮಲ್ಲಿದೆ. ಅದಕ್ಕೆ ಒಪ್ಪಾರಿ ಎನ್ನುತ್ತಾರೆ. ಬೇರೆಯವರು ತಮಿಳಿನಲ್ಲಿ ಹಾಡುತ್ತಾರೆ. ನಮ್ಮ ಮನೆಮಾತಿನಲ್ಲಿ ಹಾಡುವವಳು ಈ ಊರಿನಲ್ಲಿ ಈಗ ನಾನೊಬ್ಬಳೇ. ಜಂಬವಲ್ಲ, ನನ್ನ ಅತ್ತೆ ಕಲಿಸಿಕೊಟ್ಟದ್ದು. ಯಾರ ಮನೆಯಲ್ಲಿ ಸಾವಾದರೂ ಮೊದಲು ಶಾಮಿಯಾನದವನಿಗೆ ಫೋನು, ಆಮೇಲೆ ನನಗೆ. ಕಟುಕನಿಗೂ ಕಣ್ಣೀರು ಬರುವ ಹಾಗೆ ಹಾಡುತ್ತೇನೆಂದು ಹೆಸರು. ಹಾಡುತ್ತಿದ್ದೆ ಎನ್ನಬೇಕು, ಯಾಕೆಂದರೆ ಹೋದ ವರ್ಷ ಬಿಟ್ಟುಬಿಟ್ಟೆ.

ಬಿಟ್ಟದ್ದು ಹೀಗೆ. ಇವರಿಗೆ ಎದೆನೋವು ಬಂದು ಮಧುರೈಯ ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಕರೆದುಕೊಂಡು ಹೋಗುವಾಗ ಇವರ ಚಪ್ಪಲಿಯನ್ನು ಒಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಕೂತಿದ್ದ ಹಾಗೆಯೇ ಒಪ್ಪಾರಿ ಬಂತು. ನಾನು ಕರೆಯಲಿಲ್ಲ. ಇವರ ಮೇಲೆ, ಸಾಲು ಸಾಲಾಗಿ, ರಾಗ ಸಮೇತ ನಾಲಿಗೆಯ ತುದಿಗೆ ಬಂದು ನಿಂತಿತು. ಗಂಡ ಇನ್ನೂ ಉಸಿರಾಡುತ್ತಿದ್ದಾರೆ, ಹೆಂಡತಿಯ ಬಾಯಲ್ಲಿ ಸಾವಿನ ಹಾಡು ತಯಾರಾಗಿದೆ. ಥೂ, ಎಂಥ ಹಾಳು ಬಾಯಿ ಎಂದು ನಾಲಿಗೆ ಕಚ್ಚಿಕೊಂಡೆ, ರಕ್ತವೇ ಬಂತು. ಇವರು ಬದುಕಿ ಮನೆಗೆ ಬಂದರು. ಅವತ್ತಿನಿಂದ ನಾನು ಯಾರ ಮನೆಗೂ ಹಾಡಲು ಹೋಗಲಿಲ್ಲ. ಬಾಯಿ ಬಿಟ್ಟರೆ ಎಲ್ಲಿ ಆ ಸಾಲುಗಳು ಹೊರಬಿದ್ದು ನಿಜವಾಗಿಬಿಡುತ್ತವೋ ಎಂಬ ಭಯ ನನಗೆ. ಇದನ್ನು ಇವರಿಗೆ ಮಾತ್ರ ಹೇಳಿದ್ದೆ. ಕೇಳಿ ನಗಲಿಲ್ಲ. ಯಾವ ಸಾಲು ಎಂದು ಕೇಳಿದರು, ನಾನು ಹೇಳಲಿಲ್ಲ.

ಇಂಥ ಮನೆಗೆ ನನ್ನ ತಂಗಿಯ ಮಗಳು ಕ್ಯಾಮೆರಾ ಹೊತ್ತುಕೊಂಡು ಬಂದಳು.

ಅವಳು ಚೆನ್ನೈಯಲ್ಲಿ ಕಾರ್ಟೂನು ಚಿತ್ರ ಮಾಡುವವಳು. ಕಾರ್ಟೂನು ಎಂದರೆ ಸಿಟ್ಟು ಬರುತ್ತದೆ ಅವಳಿಗೆ, ಅನಿಮೇಷನ್ ಎನ್ನಬೇಕು. ಅವಳೂ ಗೆಳತಿಯರೂ ಸೇರಿ ಒಬ್ಬ ದೊಡ್ಡ ಚಿತ್ರಕಾರನ ಬಾಳು ಮತ್ತು ಸಾವಿನ ಮೇಲೆ ಚಿತ್ರ ಮಾಡುತ್ತಿದ್ದರು. ಈ ಚಿತ್ರಕಾರ ನಮಗೆಲ್ಲ ಗೊತ್ತು. ಗೋಡೆಯ ಮೇಲೆ ಕ್ಯಾಲೆಂಡರಿನಲ್ಲಿ ಪಳನಿ ಮುರುಗ ನಗುತ್ತಾನಲ್ಲ, ಉಬ್ಬಿದ ಕೆನ್ನೆ, ಆಗ ತಾನೆ ಹಾಲು ಕುಡಿದೆದ್ದ ಮಗುವಿನ ಕಣ್ಣು, ಅದು ಅವನು ಬರೆದದ್ದು. ತೇನಿಯಿಂದ ದಿಂಡಿಗಲ್‌ವರೆಗೆ ಅವನ ಮುರುಗ ಇಲ್ಲದ ಅಂಗಡಿಯಿಲ್ಲ. ಆದರೆ ಅವನು ಹೇಗೆ ಸತ್ತ ಎಂಬುದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪಳನಿಯ ಲಾಡ್ಜಿನಲ್ಲಿ ಕುಂಚ ಹಿಡಿದೇ ಸತ್ತ ಎನ್ನುತ್ತಾರೆ ಕೆಲವರು. ದಿಂಡಿಗಲ್ಲಿನ ಹತ್ತಿರ ಹುಣಿಸೆ ಮರದ ಕೆಳಗೆ ಬಿಸಿಲು ಬಡಿದು ಎನ್ನುತ್ತಾರೆ ಇನ್ನು ಕೆಲವರು. ಕುಮಳಿ ಬಸ್ಸು ಹತ್ತಿದ, ಇಳಿದದ್ದನ್ನು ಯಾರೂ ನೋಡಲಿಲ್ಲ ಎಂಬ ಕಥೆಯೂ ಉಂಟು. ಇವಳ ಚಿತ್ರದಲ್ಲಿ ಒಬ್ಬೊಬ್ಬರು ಹೇಳಿದ ಹಾಗೆ ಒಂದೊಂದು ಸಾವು ಬರುತ್ತದಂತೆ.

ಮೊದಲು ನಿಜವಾದ ಮನುಷ್ಯರನ್ನು ಇಟ್ಟು ಶೂಟಿಂಗ್ ಮಾಡುತ್ತಾರೆ, ಆಮೇಲೆ ಅದರ ಮೇಲೆ ಒಂದೊಂದೇ ಚಿತ್ರ ಕೈಯಲ್ಲಿ ಬರೆಯುತ್ತಾರೆ. ಅವಳಿಗೆ ಚಿತ್ರಕಾರನ ಪಾತ್ರಕ್ಕೆ ಒಬ್ಬ ಮನುಷ್ಯ ಬೇಕಾಗಿತ್ತು. ಚಿತ್ರಕಾರನ ಹಳೇ ಫೋಟೋ ತೋರಿಸಿದಳು. ಅದೇ ಮೂಗು. ನಾನು ಫೋಟೋ ನೋಡಿದೆ, ಇವರನ್ನು ನೋಡಿದೆ. ಇವರು ಆಗಲೇ ಕನ್ನಡಿಯ ಮುಂದೆ ಹೋಗಿ ನಿಂತಾಗಿತ್ತು.

ಗಂಡಸರಿಗೆ ಎಂಥ ಆಸೆ ಎಲ್ಲಿ ಅಡಗಿರುತ್ತದೋ. ಇಷ್ಟು ವರ್ಷ ಮಾತನಾಡಿಸಿದರೆ ಎರಡು ಮಾತು ಹೇಳುತ್ತಿದ್ದವರು, ಬಣ್ಣದ ಡಬ್ಬಿ ಹಿಡಿದು ಏಣಿಯ ಮೇಲೆ ನಿಂತು ಅಂಗಡಿ ಬೋರ್ಡು ಬರೆದರು, ಚಪ್ಪರದ ಕೆಳಗೆ ಕೂತು ಆಕಾಶ ನೋಡಿದರು, ಕುಮಳಿ ಬಸ್ಸು ಹತ್ತಿ ಇಳಿಯದೆ ಹೋದರು. ಒಂದು ಸಲ ಕಣ್ಣು ಮಿಟುಕಿಸಿದರೆ ನಾನು ಎಷ್ಟೋ ಚಿತ್ರ ಬರೆಯಬೇಕು ದೊಡ್ಡಪ್ಪಾ ಎಂದು ಅವಳು ತಮಾಷೆಗೆ ಹೇಳಿದಳು. ಪಾಪ ಹುಡುಗಿಗೆ ಕಷ್ಟ ಎಂದು ಇವರು ಕಣ್ಣು ಮಿಟುಕಿಸುವುದನ್ನೇ ಕಡಿಮೆ ಮಾಡಿದರು. ಊಟಕ್ಕೆ ಕೂತಾಗಲೂ ಗೂಬೆಯ ಹಾಗೆ ನೋಡುತ್ತಿದ್ದರು. ನಾನು ಬೈದೆ, ಮಿಟುಕಿಸಿದರು.

ಲಾಡ್ಜಿನ ಸಾವು ಬಂತು, ಹುಣಿಸೆ ಮರದ ಸಾವು ಬಂತು. ಎರಡು ದಿನವೂ ನಾನು ಹಿಂದಿನ ಬಾಗಿಲಿನಿಂದ ತೋಟಕ್ಕೆ ಹೋಗಿಬಿಟ್ಟೆ. ನಾನು ಇವರನ್ನು ಬದುಕಿಸಿಕೊಳ್ಳಲು ಉಪ್ಪಿಲ್ಲದ ಸಾರು ಮಾಡಿ ಸಾಯುತ್ತಿದ್ದರೆ, ಇವಳು ಬಗೆಬಗೆಯಾಗಿ ಸಾಯಿಸುತ್ತಿದ್ದಾಳಲ್ಲ ಎಂದು ಹೊಟ್ಟೆ ಉರಿಯಿತು. ಕೊನೆಗೆ ಅವಳು ಮೆಲ್ಲಗೆ ವಿಷಯಕ್ಕೆ ಬಂದಳು. ಚಿತ್ರದ ಕಡೆಯಲ್ಲಿ ಚಿತ್ರಕಾರನ ಹೆಣ ಮನೆಯ ಮುಂದೆ ಇರುತ್ತದೆ, ಹೆಂಡತಿ ತಲೆದೆಸೆಗೆ ಕೂತು ಒಪ್ಪಾರಿ ಹಾಡುತ್ತಾಳೆ. ಆ ಹಾಡು ನಮ್ಮ ಭಾಷೆಯಲ್ಲೇ ಇರಬೇಕು, ಅದನ್ನು ನೀನೇ ಹಾಡಬೇಕು, ಇಲ್ಲದಿದ್ದರೆ ನನ್ನ ಚಿತ್ರಕ್ಕೆ ಜೀವವಿಲ್ಲ ದೊಡ್ಡವ್ವ ಎಂದಳು. ಅವಳಿಗೆ ನಮ್ಮ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಇದನ್ನೆಲ್ಲ ತಮಿಳಿನಲ್ಲೇ ಹೇಳಿ, ಕಡೆಯಲ್ಲಿ ದೊಡ್ಡವ್ವ ಎಂದು ಮಾತ್ರ ಕನ್ನಡದಲ್ಲಿ ಬೆಣ್ಣೆ ಹಚ್ಚಿದಳು.

ನಾನು ಎರಡೂ ಭಾಷೆಯಲ್ಲಿ ಬೈದೆ. ಬದುಕಿರುವ ಗಂಡನ ತಲೆದೆಸೆಗೆ ಕೂತು ಒಪ್ಪಾರಿ ಹಾಡುವ ಹೆಂಗಸು ಈ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದೆ. ಇವರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದರು.

ಅವಳು ಹಟ ಬಿಟ್ಟ ಹಾಗೆ ಮಾಡಿ ಇನ್ನೊಂದು ಕೆಲಸಕ್ಕೆ ಹೋದಳು. ಇಲ್ಲಿ ಯಾರಾದರೂ ಸತ್ತರೆ ಅವರ ದೊಡ್ಡ ಫೋಟೋ ಹಾಕಿ, ಮೇಲೆ ಕಣ್ಣೀರ ಅಂಜಲಿ ಎಂದು ತಮಿಳಿನಲ್ಲಿ ಅಚ್ಚು ಹಾಕಿಸಿ, ಗೋಡೆ ಗೋಡೆಗೆ ಪೋಸ್ಟರು ಅಂಟಿಸುತ್ತಾರೆ. ಚಿತ್ರಕಾರನ ಸಾವಿಗೂ ಒಂದು ಪೋಸ್ಟರು ಬೇಕು ಎಂದು ಅವಳು ಊರಿನ ಒಂದು ಪ್ರೆಸ್ಸಿಗೆ ಹೋಗಿ, ಮೇಕಪ್ಪಿನಲ್ಲಿದ್ದ ಇವರ ಫೋಟೋ ಕೊಟ್ಟು, ಕೆಳಗೆ ಚಿತ್ರಕಾರನ ಹೆಸರು ಹಾಕಿಸಿ, ನಿಜವಾಗಿ ಕಾಣಲಿ ಎಂದು ಇಂದು ಸಂಜೆ ಹೆಣ ಎತ್ತುತ್ತಾರೆ ಎಂದೂ ಬರೆಸಿದಳು. ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಳಂತೆ. ಪ್ರೆಸ್ಸಿನವನು ತಲೆಯಾಡಿಸಿದನಂತೆ.

ಚೆನ್ನೈಯ ಹುಡುಗಿಗೆ ಏನು ಗೊತ್ತು? ಇಲ್ಲಿ ಕಣ್ಣೀರ ಅಂಜಲಿ ಅಚ್ಚು ಹಾಕಿಸುವುದೆಂದರೆ ಅಂಟಿಸುವುದೂ ಅದರಲ್ಲೇ ಸೇರಿದೆ. ಸಾವಿನ ಮನೆಯವರು ಮೈದಾ ಅಂಟು ಕಲಸಿಕೊಂಡು ಗೋಡೆ ಹುಡುಕುತ್ತಾರೆಯೇ? ಪ್ರೆಸ್ಸಿನವನ ಆಳುಗಳೇ ಬೆಳಕು ಹರಿಯುವುದರೊಳಗೆ ಬಸ್ ಸ್ಟ್ಯಾಂಡಿನಿಂದ ಹಿಡಿದು ಎಲ್ಲ ಕಡೆ ಅಂಟಿಸಿಬಿಡುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳಲು ಕಣ್ಣೀರ ಅಂಜಲಿ ಮಾಡಿಸಿದವರನ್ನು ಅವನು ಜನ್ಮದಲ್ಲಿ ಕಂಡಿಲ್ಲ.

ಬೆಳಿಗ್ಗೆ ಏಲಕ್ಕಿ ತೋಟದ ಕೆಲಸಕ್ಕೆ ಘಟ್ಟ ಹತ್ತುವ ಹೆಂಗಸರು ಜೀಪಿಗೆ ಕಾಯುತ್ತಾ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ. ಅವರು ಪೋಸ್ಟರು ನೋಡಿದರು. ಹೆಸರು ಯಾರು ಓದುತ್ತಾರೆ? ಮೂಗು ಸಾಕಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಜೀಪು ಕುಮಳಿ ಮುಟ್ಟುವುದರೊಳಗೆ ಇವರು ಎರಡು ರಾಜ್ಯದಲ್ಲಿ ಸತ್ತಿದ್ದರು.

ನಾನು ಇಡ್ಲಿ ಬೇಯಿಸುತ್ತಿದ್ದೆ. ಫೋನು ಬಂತು, ಕುಮಳಿಯಲ್ಲಿರುವ ನನ್ನ ಸೋದರತ್ತೆಯ ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ಯಾರಿಗೆ ಏನಾಯಿತು ಎಂದು ನಾನು ಕೇಳಿದರೆ, ಅಯ್ಯೋ ದುಃಖಕ್ಕೆ ನಿನ್ನ ತಲೆಯೇ ಕೆಟ್ಟುಹೋಗಿದೆ ಪಾಪ ಎಂದು ಇನ್ನೂ ಜೋರಾಗಿ ಅತ್ತಳು. ಅವಳ ಫೋನು ಇಡುವುದರೊಳಗೆ ಇನ್ನೊಂದು. ಇವರು ಸ್ನಾನ ಮುಗಿಸಿ ಟವೆಲ್ಲು ಸುತ್ತಿಕೊಂಡು ಬಂದು ಯಾರು ಹೋದರಂತೆ ಎಂದು ಕೇಳಿದರು. ನೀವೇ ಎಂದೆ. ಅಷ್ಟರಲ್ಲಿ ಹೆಣ ಇಡುವ ಗಾಜಿನ ಫ್ರೀಜರ್ ಪೆಟ್ಟಿಗೆಯವನು ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿ, ಪ್ಲಗ್ ಪಾಯಿಂಟು ಎಲ್ಲಿದೆ ಎಂದು ಇವರನ್ನೇ ಕೇಳಿದ. ಇವರು ತೋರಿಸಿದರು. ಕೇಳಿದ್ದಕ್ಕೆ ಉತ್ತರ ಕೊಡುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಗೊತ್ತಿಲ್ಲ.

ತಂಗಿಯ ಮಗಳು ಬೆಳ್ಳಗಾಗಿ ನಿಂತಿದ್ದಳು. ಬಂದವರಿಗೆಲ್ಲ ಕೈ ಮುಗಿದು ತಮಿಳಿನಲ್ಲಿ ಕ್ಷಮೆ ಕೇಳಿದಳು. ಬಂದವರು ಜಗಲಿಯ ಮೇಲೆ ಇಡ್ಲಿ ತಿನ್ನುತ್ತಾ ಕೂತ ಹೆಣವನ್ನು ನೋಡಿ, ಹಾರವನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಸ್ಸು ಗಟ್ಟಿ ಎಂದು ಪಕ್ಕದ ಮನೆಯ ಅಜ್ಜಿ ಎಲ್ಲರಿಗೂ ಸಮಾಧಾನ ಹೇಳಿದಳು. ನನಗೂ ಸ್ವಲ್ಪ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಬಂದ ನನ್ನ ಅಣ್ಣ, ಕಂಬಂನಿಂದ, ಒಂದು ವ್ಯಾನು ತುಂಬ ಜನರ ಜೊತೆ.

ಯಾರಿಗೆ ಯಾವ ಹಕ್ಕು, ಯಾವಾಗ ಯಾರು ಏನು ತರಬೇಕು ಎಂಬುದಕ್ಕೆ ನಾವು ಮುರೈ ಎನ್ನುತ್ತೇವೆ. ನನ್ನ ಅಣ್ಣನಿಗೆ ಮುರೈಯೇ ಉಸಿರು. ಗಂಡ ಸತ್ತ ಹೆಣ್ಣಿಗೆ ತವರಿನಿಂದ ಹೊಸ ಸೀರೆ ಬರಬೇಕು, ಅದಕ್ಕೆ ಕೋಡಿ ಎಂದು ಹೆಸರು. ಅವನು ಅದನ್ನು ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತು, ಮಾಪ್ಳೆ, ನನ್ನ ಮಾಪ್ಳೆ ಎಂದು ತಂಗಿಯ ಗಂಡನನ್ನು ಕರೆದು ಬೀದಿ ಬಾಗಿಲಿನಿಂದಲೇ ಅಳುತ್ತಾ ಬಂದ. ಮಾಪ್ಳೆ ಎದ್ದು ನಿಂತು ಬಾಯಲ್ಲಿದ್ದ ಇಡ್ಲಿ ನುಂಗಿ, ಬಾಂಗೆ ಮಚ್ಚಾನ್, ತಿಂಡಿ ಆಯಿತಾ ಎಂದರು.

ಅಣ್ಣನ ಮುಖದಲ್ಲಿ ಮೊದಲು ಸಂತೋಷ ಬಂತು, ಅದನ್ನು ನಾನು ಕಣ್ಣಾರೆ ಕಂಡೆ. ಅದರ ಹಿಂದೆಯೇ ಸಿಟ್ಟು ಬಂತು. ಕೋಡಿ ಒಂದು ಸಲ ತಲೆಯ ಮೇಲೆ ಹತ್ತಿದರೆ ಇಳಿಸಿ ವಾಪಸು ತೆಗೆದುಕೊಂಡು ಹೋಗುವ ಹಾಗಿಲ್ಲ, ತಂದ ಮನೆಗೇ ಕೇಡು. ನನಗೆ ಕೊಡುವ ಹಾಗೂ ಇಲ್ಲ, ನನ್ನ ಗಂಡ ಚಟ್ನಿ ಕೇಳುತ್ತಿದ್ದಾರೆ. ಅಣ್ಣ ತಟ್ಟೆ ಹೊತ್ತುಕೊಂಡೇ ಅಂಗಳದಲ್ಲಿ ನಿಂತ. ನಾನು ಸೀರೆ ನೋಡಿದೆ. ಮಾವಿನ ಕಾಯಿ ಅಂಚು, ಕಡು ಕೆಂಪು. ಯಾವ ದೀಪಾವಳಿಗೂ ಅಂಥ ಸೀರೆ ಕೊಡದವನು. ನನಗೆ ಉರಿದು ಹೋಯಿತು.

ಪಕ್ಕದ ಮನೆ ಅಜ್ಜಿಯೇ ದಾರಿ ತೋರಿಸಿದಳು. ಸತ್ತವನು ಚಿತ್ರಕಾರ. ಕೋಡಿ ಬಂದದ್ದು ಚಿತ್ರಕಾರನ ಹೆಂಡತಿಗೆ. ಶೂಟಿಂಗ್ ನಡೆಯಲಿ, ಕೋಡಿಯನ್ನು ಅಲ್ಲಿ ಹೊದಿಸಿಬಿಡಿ, ಹಾರಗಳಿಗೂ ಒಂದು ಗತಿ ಆಗುತ್ತದೆ. ಎಲ್ಲರಿಗೂ ಒಪ್ಪಿಗೆಯಾಯಿತು. ತಂಗಿಯ ಮಗಳ ಮುಖಕ್ಕೆ ಬಣ್ಣ ಬಂತು, ಇಷ್ಟು ಜನ ಅಳುವವರು ಅವಳಿಗೆ ಚೆನ್ನೈಯಲ್ಲಿ ಎಲ್ಲಿ ಸಿಗಬೇಕು? ಅಂಗಳದಲ್ಲಿ ಬೆಂಚು ಹಾಕಿ ಇವರನ್ನು ಮಲಗಿಸಿದರು. ಫ್ರೀಜರ್ ಪೆಟ್ಟಿಗೆಯವನು ಬಂದದ್ದು ಬಂದೆ ಎಂದು ತಾನೂ ನಿಂತ.

ಶುರುವಾಯಿತು ಜಗಳ. ಮೊದಲ ಹಾರ ಯಾರದು? ಅಣ್ಣ ತನ್ನದು ಎಂದ. ಇವರ ದಾಯಾದಿಗಳು ತಮ್ಮದು ಎಂದರು. ಆ ಚಿತ್ರಕಾರ ರಾಮನಾಡಿನ ಕಡೆಯವನು, ನಮ್ಮ ಜಾತಿಯವನೂ ಅಲ್ಲ, ಅವರ ಪದ್ಧತಿಯೇ ಬೇರೆ ಎಂದು ತಂಗಿಯ ಮಗಳು ಬೇಡಿಕೊಂಡಳು. ಯಾರು ಕೇಳುತ್ತಾರೆ? ನಮ್ಮ ಅಂಗಳದಲ್ಲಿ ಸತ್ತ ಮೇಲೆ ನಮ್ಮ ಮುರೈಯೇ ಎಂದು ಅಣ್ಣ ಗುಡುಗಿದ. ಹೀಗೆ ಆ ದೊಡ್ಡ ಚಿತ್ರಕಾರ, ಯಾವ ಊರಿನಲ್ಲಿ ಹೇಗೆ ಸತ್ತನೋ, ಕಂಬಂ ಕಣಿವೆಯ ಕನ್ನಡದವನಾಗಿ ಮಣ್ಣಿಗೆ ತಯಾರಾದ. ಹೆಣ ಅಷ್ಟು ಹೊತ್ತೂ ಮೂಗಿನ ಮೇಲೆ ಕೂತ ನೊಣವನ್ನು ಓಡಿಸಲಾಗದೆ ಮೂಗು ಅಲುಗಿಸುತ್ತಿತ್ತು.

ನಾನು ಅಡುಗೆಮನೆಯ ಕಿಟಕಿಯ ಹಿಂದೆ ನಿಂತಿದ್ದೆ. ಹೊರಗೆ ಬರುವುದಿಲ್ಲ ಎಂದು ಹೇಳಿಯಾಗಿತ್ತು. ಹೆಂಡತಿಯ ಜಾಗದಲ್ಲಿ ಅಣ್ಣನ ಹೆಂಡತಿಯನ್ನು ಕೂರಿಸಿದರು. ಅತ್ತಿಗೆ ಒಳ್ಳೆಯವಳು, ಆದರೆ ಅವಳ ಗಂಟಲು ತೇನಿ ಸಂತೆಯಲ್ಲಿ ಬದನೆಕಾಯಿ ಕೂಗಿ ಮಾರಲು ಸರಿಯಾದದ್ದು. ಯಾವುದೋ ಸಿನಿಮಾ ರಾಗದಲ್ಲಿ ತಮಿಳಿನಲ್ಲಿ ಎತ್ತಿಕೊಂಡಳು. ಎರಡನೇ ಸಾಲಿಗೆ ಪದ ಮರೆತು, ಮೊದಲನೆಯದನ್ನೇ ತಿರುಗಿಸಿ ಹಾಡಿದಳು. ಮತ್ತೆ ಅದನ್ನೇ. ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನನ್ನ ಕಿವಿಗೆ ಕಾದ ಸೀಸ ಹೊಯ್ದ ಹಾಗಾಯಿತು. ಇವರು ಇಷ್ಟು ವರ್ಷ ಬಾಳಿ, ಮಂಡಿ ನಡೆಸಿ, ಯಾರಿಗೂ ಕೆಟ್ಟದ್ದು ಮಾಡದೆ, ಕೊನೆಗೆ ಇದಾ ಇವರಿಗೆ ಒಪ್ಪಾರಿ? ಸಿನಿಮಾ ಎಂಬುದು ಮರೆತೇಹೋಯಿತು. ಸೌಟು ಬಿಸಾಕಿ ಹೊರಗೆ ಬಂದು, ಏಳು ಅತ್ತಿಗೆ ಎಂದು ಅವಳನ್ನು ಎಬ್ಬಿಸಿ, ತಲೆದೆಸೆಗೆ ಕೂತೆ.

ಚಿತ್ರಕಾರನಿಗೆ ಹಾಡುತ್ತೇನೆ, ಇವರಿಗಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಕಣ್ಣು ಮುಚ್ಚಿ ಎತ್ತಿದೆ.

"ಪಳನಿ ಮುರುಗಂಗೆ ಕಣ್ಣ ಬರ್ದ ಕೈಯೇ,
ಬಣ್ಣದ ಕೈಯೇ, ನನ್ನ ಬೆಳ್ಳಿ ಕೈಯೇ,
ಮನೆಮನೆ ಗೋಡೇಲಿ ದೇವರ್ನ ಕೂರ್ಸಿ
ನೀ ಯಾವ ಗೋಡೇಲಿ ಕುಂತ್ಯಪ್ಪಾ..."

ನಗು ನಿಂತಿತು. ಎಷ್ಟು ದಿನ ಬಿಟ್ಟಿದ್ದರೂ ಗಂಟಲು ಕೈ ಕೊಡಲಿಲ್ಲ. ಅಜ್ಜಿ ನಿಜವಾಗಿ ಅಳಲು ಶುರುಮಾಡಿದಳು, ಅವಳ ಹಿಂದೆ ಉಳಿದವರು. ಇನ್ನೂ ಎರಡು ಸುತ್ತು ಚಿತ್ರಕಾರನ ಮೇಲೆಯೇ ಹಾಡಿದೆ. ಆಮೇಲೆ ಚಿತ್ರಕಾರ ಮುಗಿದುಹೋದ. ಅವನ ಬಗ್ಗೆ ನನಗೆ ಗೊತ್ತಿದ್ದದ್ದೇ ಅಷ್ಟು. ಒಪ್ಪಾರಿ ಮಾತ್ರ ನಿಲ್ಲಲಿಲ್ಲ, ಇಳಿಜಾರಿನ ಗಾಡಿಯ ಹಾಗೆ ತಾನೇ ಹೋಗುತ್ತಿತ್ತು. ಬೇಡ ಅಂದರೂ ಬಜ್ಜಿ ತಿಂದೋರೇ ಎಂದೆ. ಮಾತ್ರೆ ತಿಂದೆ ಅಂತ ಸುಳ್ಳು ಹೇಳಿದೋರೇ ಎಂದೆ. ಬಸ್ಸು ತಪ್ಪಿಸಿಕೊಂಡು, ನನ್ನ ತಂಗಿಯ ಮದುವೆಗೆ ತಾಳಿ ಕಟ್ಟಿದ ಮೇಲೆ ಕರೆದುಕೊಂಡು ಹೋದೋರೇ ಎಂದು ಎದೆ ಬಡಿದುಕೊಂಡೆ.

ಹೆಣ ತುಟಿ ಅಲುಗಿಸದೆ ಹೇಳಿತು. "ಬಸ್ಸು ತಪ್ಪಿದ್ದು ನನ್ನಿಂದ ಇಲ್ಲೆ. ನೀ ಸೀರೆ ಉಡ್ತಿದ್ದೆ."

"ಸತ್ತೋರು ಸುಮ್ಮಿರ್ಬೇಕು," ಎಂದೆ ರಾಗದಲ್ಲೇ, ಮತ್ತೆ ಮುಂದುವರಿದೆ. ಜನ ಅಳುತ್ತಾ ನಕ್ಕರು. ತಂಗಿಯ ಮಗಳು ಕ್ಯಾಮೆರಾದ ಹಿಂದಿನಿಂದ ನಿಲ್ಲಿಸಬೇಡ ಎಂದು ಕೈ ಆಡಿಸಿದಳು. ನಿಲ್ಲಿಸಬೇಕೆಂದು ನನಗೇ ಅನ್ನಿಸಿದ್ದರೆ ತಾನೆ? ಆಗ ಅದು ಬಂತು. ಮಧುರೈಯ ಕುರ್ಚಿಯ ಮೇಲೆ ಕಚ್ಚಿ ಹಿಡಿದದ್ದು, ಬಾಗಿಲು ತಳ್ಳಿಕೊಂಡು ಬಂದ ಹಾಗೆ, ನನ್ನ ಅಪ್ಪಣೆ ಕೇಳದೆ ಬಂತು.

"ಗಾಜಿನ ಬಾಗ್ಲ ಆಚೆ ನೀವು, ಈಚೆ ನಾನು,
ಚಪ್ಪಲಿ ಮಾತ್ರ ನನ್ನ ಕೈಗೆ ಕೊಟ್ಟೋದ್ರಲ್ಲಾ,
ಬರಿಗಾಲಲ್ಲಿ ಯಾವ ದಾರಿ ನಡದ್ರೀ,
ಮುಳ್ಳು ಚುಚ್ಚಿದ್ರೆ ಯಾರ್ನ ಕರದ್ರೀ..."

ಹಾಡಿಬಿಟ್ಟೆ. ಇನ್ನೇನು ಆಗುತ್ತದೋ ಎಂದು ಕಣ್ಣು ಬಿಟ್ಟೆ. ಇವರು ಅಲುಗದೆ ಮಲಗಿದ್ದರು. ಹಾರಗಳ ಕೆಳಗೆ ಎದೆ ಏರಿ ಇಳಿಯುತ್ತಿತ್ತು, ಅದನ್ನು ನೋಡುತ್ತಲೇ ಕೂತೆ. ಆಮೇಲೆ ಆ ದೊಡ್ಡ ಮೂಗಿನ ಪಕ್ಕದಿಂದ ಕಣ್ಣೀರು ಇಳಿದು ಕಿವಿಯೊಳಕ್ಕೆ ಹೋಯಿತು. ಹೆಣ ಅಳುವ ಹಾಗಿಲ್ಲವಲ್ಲ ಎಂದು ಅಣ್ಣ ತಂಗಿಯ ಮಗಳ ಕಿವಿಯಲ್ಲಿ ಹೇಳಿದ. ಆಮೇಲೆ ಅಳಿಸಬಹುದು ಬಿಡಿ ಎಂದಳಂತೆ ಅವಳು, ಮೂಗೊರೆಸಿಕೊಂಡು.

ಸಂಜೆಗೆ ಎಲ್ಲರೂ ಉಂಡು ಹೊರಟರು. ಸಾವಿನ ಮನೆಯಲ್ಲಿ ಹೋಗಿ ಬರುತ್ತೇವೆ ಎಂದು ಹೇಳಬಾರದು, ಹೇಳದೆಯೇ ಹೊರಡಬೇಕು. ಇದು ಸಾವಿನ ಮನೆಯೋ ಅಲ್ಲವೋ ಎಂದು ತೀರ್ಮಾನವಾಗದೆ ಅಣ್ಣ ಅರ್ಧ ತಲೆಯಾಡಿಸಿ ವ್ಯಾನು ಹತ್ತಿದ. ಕೆಂಪು ಸೀರೆ ಚಿತ್ರಕಾರನ ಹೆಂಡತಿಯ ಪಾಲಾಗಿ ಚೆನ್ನೈಗೆ ಹೋಯಿತು. ನನ್ನ ಕಣ್ಣು ಅದರ ಮೇಲೆಯೇ ಇತ್ತು, ಆದರೆ ಕೇಳುವುದು ಹೇಗೆ? ಪೋಸ್ಟರುಗಳನ್ನು ಕಿತ್ತುಹಾಕಲು ಇವರೇ ಹೋದರು. ಅಂಟು ಗಟ್ಟಿಯಾಗಿ ಹಿಡಿದಿತ್ತು, ಕಿತ್ತಷ್ಟೂ ಮೂಗು ಮಾತ್ರ ಉಳಿಯುತ್ತಿತ್ತು ಎಂದರು.

ಚಿತ್ರ ಮುಗಿಯಲು ಬಹಳ ದಿನ ಹಿಡಿಯಿತು. ಮೊನ್ನೆ ಮೊನ್ನೆ ಅವಳು ಫೋನಿಗೆ ಕಳಿಸಿದಳು. ಕನ್ನಡಕ ಹಾಕಿಕೊಂಡು ಇಬ್ಬರೂ ಜಗಲಿಯ ಮೇಲೆ ಕೂತು ನೋಡಿದೆವು. ಬಣ್ಣವೆಲ್ಲ ಉಸಿರಾಡುವ ಹಾಗೆ ಅಲುಗುತ್ತಿತ್ತು. ಲಾಡ್ಜು, ಹುಣಿಸೆ ಮರ, ಘಟ್ಟದ ಬಸ್ಸು, ಎಲ್ಲ ಬಂತು. ನಮ್ಮ ಅಂಗಳ ಬಂತು. ಅಲ್ಲಿ ಕೂತು ಎದೆ ಬಡಿದುಕೊಳ್ಳುವ ಹೆಂಗಸು ನನಗಿಂತ ತೆಳ್ಳಗಿದ್ದಳು, ಅದಕ್ಕೆ ತಂಗಿಯ ಮಗಳನ್ನು ಹರಸಿದೆ. ಬಜ್ಜಿಯ ಸಾಲು ಕತ್ತರಿಸಿದ್ದಳು, ಚಪ್ಪಲಿಯ ಸಾಲು ಹಾಗೇ ಉಳಿಸಿದ್ದಳು. ಹೆಣದ ಕಣ್ಣೀರನ್ನು ಅಳಿಸಿರಲಿಲ್ಲ. ನೋಡಿದ ದೊಡ್ಡವರೆಲ್ಲ ಆ ಕಣ್ಣೀರಿಗೆ ಏನೇನೋ ಅರ್ಥ ಹೇಳಿದರಂತೆ, ಕಲೆಗೆ ಸಾವಿಲ್ಲ ಎಂದು ಇನ್ನೂ ಏನೋ. ಇವಳು ಸುಮ್ಮನೆ ಕೇಳಿಸಿಕೊಂಡಳಂತೆ.

ಮುಗಿದ ಮೇಲೆ ಇವರು ಫೋನು ಕೆಳಗಿಟ್ಟರು. ಮೂಗು ಚೆನ್ನಾಗಿ ಬಂದಿದೆ ಎನ್ನುತ್ತಾರೆ ಎಂದುಕೊಂಡೆ.

"ಏ ಪುಳ್ಳೆ," ಎಂದರು. ನನ್ನನ್ನು ಕರೆಯುವುದೇ ಹಾಗೆ. "ನಂಗೆ ನೀ ಹಾಡ್ದೆ, ನಾ ಕೇಳ್ಬುಟ್ಟೆ, ಆತು. ನೀ ಮುಂದಾಗಿ ಹೋದ್ರೆ ನಿಂಗೆ ಹಾಡಕ್ಕೆ ಯಾರವ್ರೆ?"

ಗಂಡಸರು ಒಪ್ಪಾರಿ ಹಾಡುವುದಿಲ್ಲ, ಊರು ನಗುತ್ತದೆ ಎಂದೆ. ನನಗಿಂತ ಮುಂಚೆ ನೀವು ಹೋಗಬಾರದು, ನಿಮಗಿಂತ ಮುಂಚೆ ನಾನೂ ಹೋಗುವುದಿಲ್ಲ ಎಂದು ಇನ್ನೂ ಏನೇನೋ ಬೈದೆ. ಬೈದು ಮುಗಿಯುವವರೆಗೂ ಕಾದರು.

"ನಿನ್ನ ಅತ್ತಿಗೆ ಹಾಡ್ತಾಳೆ ಆಗ. ಅದೇ ಸಿನಿಮಾ ಪಾಟ್ಟು," ಎಂದರು. "ಅದಕ್ಕೇ ಹೇಳ್ತೀನಿ, ನಂಗೆ ಕಲ್ಸು."

ಕಲಿಸಲಿಲ್ಲ ನಾನು. ಅವರೇ ಗಂಟಲು ಸರಿಮಾಡಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ, ಒಡೆದ ಮಡಕೆಯ ದನಿಯಲ್ಲಿ ಎತ್ತಿದರು. ಎಂದಿನಿಂದ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದರೋ.

"ಬೈಯೋ ಬಾಯಿ ಇಲ್ಲದ ಮನೇಲಿ
ಯಾರ್ಗೆ ಹೆದ್ರಿ ಬಾಳ್ಲೇ ನಾನು..."

ರಾಗ ತಪ್ಪು. ಎರಡನೇ ಸಾಲು ಇಳಿಯಬೇಕು, ಇವರು ಏರಿಸಿದ್ದರು. ಅದನ್ನು ಹೇಳಲು ಬಾಯಿ ತೆರೆದವಳು, ಮತ್ತೆ ಹಾಡಿ ಎಂದೆ. ಇವರು ತಪ್ಪಾಗಿಯೇ ಇನ್ನೊಂದು ಸಲ ಹಾಡಿದರು.